ಐದು ಸಲ ಎತ್ತಿ ಐದು ನಿಮಿಷ ಕೂರುವವರ ಲೆಕ್ಕ

ಪ್ರಶ್ನೆ: ನನಗೆ 43 ವರ್ಷ, ಬ್ಯಾಂಕ್ ಉದ್ಯೋಗಿ. ನಾನೂ ನನ್ನ ಪತ್ನಿಯೂ ಆರು ತಿಂಗಳಿಂದ ಬಡಾವಣೆಯ ಜಿಮ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಮೂಲೆಯ ಸ್ಟ್ಯಾಂಡಿನ ಬಳಿ ಮೂರ್ನಾಲ್ಕು ಜನ ಉದ್ದನೆಯ ರಾಡಿಗೆ ಪ್ಲೇಟ್ ಏರಿಸಿ, ಹೆಗಲ ಮೇಲೆ ಹೊತ್ತು ಐದೇ ಐದು ಸಲ ಕೂತು ಏಳುತ್ತಾರೆ. ಆಮೇಲೆ ನಾಲ್ಕೈದು ನಿಮಿಷ ಸುಮ್ಮನೆ ಕೂರುತ್ತಾರೆ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾರೆ. ಅಂಥ ಬೆವರೂ ಕಾಣುವುದಿಲ್ಲ. ಆದರೂ ಅವರ ತೂಕ ತಿಂಗಳಿಂದ ತಿಂಗಳಿಗೆ ಏರುತ್ತಿದೆ, ನಾನು ಸೇರಿದ ದಿನ ಹಿಡಿದ ಡಂಬ್‌ಬೆಲ್‌ನಲ್ಲೇ ಇದ್ದೇನೆ. ಇದು ಯಾವ ವಿದ್ಯೆ? ನಮ್ಮ ವಯಸ್ಸಿನವರು ಕಲಿಯಬಹುದೇ? ಮಂಡಿ, ಸೊಂಟ ಹಾಳಾಗುತ್ತದೆ ಎಂದು ಹಲವರು ಹೆದರಿಸುತ್ತಾರೆ. ಪತ್ನಿಗೆ 41, ಅವಳಿಗೂ ಆಸೆ; ಮೈಕಟ್ಟು ಗಂಡಸರಂತಾಗುತ್ತದೆಯೇ ಎಂಬ ಅಳುಕು.

ಉತ್ತರ: ನಿಮ್ಮ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ. ಅವರು ಮಾಡುತ್ತಿರುವುದು ಬಾರ್‌ಬೆಲ್, ಅಂದರೆ ಪ್ಲೇಟ್ ಏರಿಸಿದ ಉದ್ದನೆಯ ರಾಡ್, ಎತ್ತಿ ಬಲ ಬೆಳೆಸುವ ವ್ಯಾಯಾಮ. ಅವರ ವಿದ್ಯೆಯೆಲ್ಲ ಆ ಪುಸ್ತಕದಲ್ಲಿದೆ. ತೆರೆದು ನೋಡಿದರೆ ದಿನಾಂಕ, ವ್ಯಾಯಾಮದ ಹೆಸರು, ತೂಕ, ಎಷ್ಟು ಸಲ ಎಂಬುದಷ್ಟೇ ಇರುತ್ತದೆ. ಸೋಮವಾರ 60 ಕೆ.ಜಿ., ಬುಧವಾರ 62.5, ಶುಕ್ರವಾರ 65. ಜಿಮ್‌ಗೆ ಬರುವ ಬಹುಪಾಲು ಜನ ದಣಿಯುವುದಕ್ಕೆ ಬರುತ್ತಾರೆ. ಅಂಗಿ ಒದ್ದೆಯಾದರೆ, ಮರುದಿನ ಕೈ ಎತ್ತಲಾಗದಿದ್ದರೆ ಕೊಟ್ಟ ದುಡ್ಡು ವಸೂಲಾಯಿತು ಎಂಬ ಸಮಾಧಾನ ಅವರದು. ದಣಿವು ಬೇಕಾದರೆ ಮೂರು ಮಹಡಿ ಮೆಟ್ಟಿಲು ಹತ್ತಿಳಿದರೂ ಸಿಗುತ್ತದೆ. ಬಲ ಹಾಗೆ ಬರುವುದಿಲ್ಲ. ಹಿಂದೆ ಹೊತ್ತಿರದ ಭಾರವನ್ನು ಮೈ ಹೊರಬೇಕು, ಬಳಿಕ ಅದಕ್ಕೆ ಊಟವೂ ನಿದ್ದೆಯೂ ಸಿಗಬೇಕು, ಚೇತರಿಸಿಕೊಂಡ ಮೇಲೆ ಇನ್ನೊಂದಿಷ್ಟು ಹೆಚ್ಚು ಹೊರಬೇಕು. ಆರು ತಿಂಗಳು ಒಂದೇ ಡಂಬ್‌ಬೆಲ್ ಎತ್ತಿದ ನಿಮ್ಮ ತೋಳಿಗೆ, ಇನ್ನೂ ಬಲಗೊಳ್ಳು ಎಂದು ಯಾರೂ ಹೇಳಿಲ್ಲ. ಅದು ಮೊದಲ ತಿಂಗಳಲ್ಲೇ ಹೊಂದಿಕೊಂಡು ಸುಮ್ಮನಾಗಿದೆ.

ನಮ್ಮ ನೆಲಕ್ಕೆ ಭಾರ ಎತ್ತುವುದು ಹೊಸದಲ್ಲ. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ, ಗದೆ ಇಂದಿಗೂ ಇವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಕ್ಕೆ ಈಗಲೂ ಊರಿಗೆ ಊರೇ ಸೇರುತ್ತದೆ. ಆ ಪೈಲ್ವಾನರ ಬಲದ ಬಗ್ಗೆ ಎರಡು ಮಾತಿಲ್ಲ. ಆದರೆ ಕಲ್ಲಿನಲ್ಲಿ ಒಂದು ತೊಡಕಿದೆ: ಒಂದು ಕಲ್ಲಿನಿಂದ ಮುಂದಿನದಕ್ಕೆ ಹತ್ತಿಪ್ಪತ್ತು ಕೆ.ಜಿ. ಅಂತರವಿದ್ದರೆ ನಡುವೆ ಕಾಲಿಡಲು ಜಾಗವಿಲ್ಲ. ಬಸ್ಕಿಯ ತೊಡಕು ಬೇರೆ. ಅಲ್ಲಿ ಭಾರವೆಂದರೆ ನಿಮ್ಮ ಮೈತೂಕವಷ್ಟೇ. ನೂರು ಸಲೀಸಾದ ಮೇಲೆ ಇನ್ನೂರು, ಆಮೇಲೆ ಮುನ್ನೂರು. ದಮ್ಮು ಬೆಳೆಯುತ್ತಾ ಹೋಗುತ್ತದೆ, ಬಲ ಒಂದು ಹಂತದಲ್ಲಿ ನಿಂತುಬಿಡುತ್ತದೆ. ರಾಡಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಪುರುಷರ ಒಲಿಂಪಿಕ್ ರಾಡ್ 2.2 ಮೀಟರ್ ಉದ್ದ, 20 ಕೆ.ಜಿ. ತೂಕ. ಎರಡೂ ಬದಿಗೆ ಒಂದೂಕಾಲು ಕೆ.ಜಿ.ಯ ಪ್ಲೇಟ್ ಸೇರಿಸಿದರೆ 22.5. ಮನುಷ್ಯನ ಮೈ ಎರಡು ದಿನದಲ್ಲಿ ಎಷ್ಟು ಬಲಗೊಳ್ಳಬಲ್ಲದೋ ಅಷ್ಟೇ ಸಣ್ಣ ಮೆಟ್ಟಿಲುಗಳಲ್ಲಿ ಏರಲು ಬರುವ ಸಾಧನ ಇದು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ನಡೆಸುತ್ತಿದ್ದ ವ್ಯಾಯಾಮಶಾಲೆಯಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಬಾರ್‌ಬೆಲ್ ಎತ್ತುತ್ತಿದ್ದರು. ಕಾದಂಬರಿಕಾರರೆಂದಷ್ಟೇ ಅವರನ್ನು ಬಲ್ಲವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರಲ್ಲ, ಅದು ವೇಟ್‌ಲಿಫ್ಟಿಂಗ್. ಅಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಯಲ್ಲಿ ಭಾರ ಎತ್ತುತ್ತಾರೆ. ರಾಡನ್ನು ಮಿಂಚಿನಂತೆ ತಲೆಯ ಮೇಲಕ್ಕೆ ಒಯ್ಯಬೇಕು. ಅದಕ್ಕೆ ವರ್ಷಗಟ್ಟಲೆ ಗುರುವಿನ ಕಣ್ಣೆದುರಿನ ಅಭ್ಯಾಸ ಬೇಕು. ನಿಮ್ಮ ಜಿಮ್‌ನವರು ಮಾಡುತ್ತಿರುವುದು ನಿಧಾನದ, ಸರಳ ವ್ಯಾಯಾಮಗಳು: ರಾಡ್ ಹೊತ್ತು ಕೂತು ಏಳುವ ಸ್ಕ್ವಾಟ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಬೆಂಚಿನ ಮೇಲೆ ಮಲಗಿ ತಳ್ಳುವ ಬೆಂಚ್ ಪ್ರೆಸ್, ನಿಂತು ತಲೆಯ ಮೇಲಕ್ಕೆ ತಳ್ಳುವ ಪ್ರೆಸ್. ಈ ಕೊನೆಯದು 1972ರವರೆಗೆ ಒಲಿಂಪಿಕ್ಸ್‌ನಲ್ಲೂ ಇತ್ತು. ಇಷ್ಟರಲ್ಲಿ ಕಾಲು, ಸೊಂಟ, ಬೆನ್ನು, ಎದೆ, ಹೆಗಲು, ಹಿಡಿತ ಎಲ್ಲವೂ ಬಂದುಹೋಗುತ್ತವೆ. ಸೋಮವಾರ ಎದೆ, ಮಂಗಳವಾರ ತೋಳು ಎಂದು ಅಂಗಾಂಗಗಳಿಗೆ ವಾರ ಹಂಚುವ ಅಗತ್ಯ ಹೊಸಬರಿಗೆ ಇಲ್ಲ.

ಐದೇ ಸಲ ಯಾಕೆ? ಹದಿನೈದು ಸಲ ಎತ್ತುವಷ್ಟು ಹಗುರವಾದರೆ ಕಾಲಿಗಿಂತ ಮೊದಲು ಉಸಿರು ಸೋಲುತ್ತದೆ. ಒಂದೇ ಸಲ ಎತ್ತಬಲ್ಲಷ್ಟು ಮಣಭಾರವಾದರೆ ಹೊಸಬರ ಭಂಗಿ ಕೆಡುತ್ತದೆ, ಕಲಿಯಲು ಅವಕಾಶವೇ ಇರುವುದಿಲ್ಲ. ಐದರ ಆಸುಪಾಸಿನಲ್ಲಿ ಭಾರವೂ ಸಾಕಷ್ಟಿರುತ್ತದೆ, ಭಂಗಿಯೂ ಉಳಿಯುತ್ತದೆ. ನಾಲ್ಕೋ ಆರೋ ಆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಸುಮ್ಮನೆ ಕೂರುವುದಕ್ಕೂ ಕಾರಣವಿದೆ. ಕ್ಷಣಾರ್ಧದಲ್ಲಿ ಬೇಕಾಗುವ ಬಲಕ್ಕೆಂದೇ ಸ್ನಾಯುವಿನೊಳಗೆ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇಂಧನ ಸ್ವಲ್ಪ ದಾಸ್ತಾನಿರುತ್ತದೆ. ಭಾರೀ ತೂಕ ಎತ್ತುವಾಗ ಅದು ಸೆಕೆಂಡುಗಳಲ್ಲಿ ಖರ್ಚಾಗುತ್ತದೆ, ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಒಂದೇ ನಿಮಿಷಕ್ಕೆ ಎದ್ದು ಮುಂದಿನ ಸೆಟ್ (ನಡುವೆ ಬಿಡುವಿಲ್ಲದೆ ಎತ್ತುವ ಒಂದು ಸರದಿ) ಹಿಡಿದವನು ನಾಲ್ಕನೆಯ ಸಲಕ್ಕೇ ಕೈಚೆಲ್ಲುತ್ತಾನೆ; ಅವನ ಪುಸ್ತಕದಲ್ಲಿ ಅಂದಿನ ತೂಕ ಏರುವುದಿಲ್ಲ. ಕೂರುವುದು ಸೋಮಾರಿತನವಲ್ಲ. ಹಾಗೆಂದು ಬೆಂಚಿನ ಮೇಲೆ ಕೂತು ಮೊಬೈಲ್ ತಿಕ್ಕುತ್ತಾ ಹದಿನೈದು ನಿಮಿಷ ಕಳೆಯುವವರನ್ನು ನಾನು ಸಮರ್ಥಿಸುತ್ತಿಲ್ಲ. ಅವರು ಎಲ್ಲ ಜಿಮ್‌ಗಳಲ್ಲೂ ಇದ್ದಾರೆ.

ಮೊದಲ ಕೆಲವು ವಾರಗಳಲ್ಲಿ ಕನ್ನಡಿಯಲ್ಲಿ ಏನೂ ಬದಲಾಗದೆ ತೂಕ ಮಾತ್ರ ಭರಭರನೆ ಏರುತ್ತದೆ, ಅದಕ್ಕೆ ಬೆರಗಾಗಬೇಡಿ. ಆಗ ಕಲಿಯುತ್ತಿರುವುದು ಮುಖ್ಯವಾಗಿ ನರಮಂಡಲ. ಇರುವ ಸ್ನಾಯುವಿನ ಎಳೆಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಅದು ರೂಢಿಸಿಕೊಳ್ಳುತ್ತದೆ. ಸ್ನಾಯು ದಪ್ಪವಾಗುವುದು ಅದರ ಬೆನ್ನಿಗೆ, ನಿಧಾನವಾಗಿ.

ಈಗ ಸ್ಕ್ವಾಟ್ ಅನ್ನು ಹತ್ತಿರದಿಂದ ನೋಡೋಣ. ಮುಂದಿನ ಸಲ ಅವರು ಮಾಡುವಾಗ ಎದುರಿಗೆ ನಿಲ್ಲಬೇಡಿ, ಪಕ್ಕದಿಂದ ಗಮನಿಸಿ. ರಾಡ್ ಕುತ್ತಿಗೆಯ ಮೂಳೆಯ ಮೇಲೆ ಇರುವುದಿಲ್ಲ, ಅದರ ಕೆಳಗೆ ಬೆನ್ನಿನ ಮೇಲ್ಭಾಗದ ಮಾಂಸದ ಮೇಲೆ ಕೂತಿರುತ್ತದೆ. ಸ್ಟ್ಯಾಂಡಿನಿಂದ ಎತ್ತಿಕೊಂಡು ಎರಡೇ ಹೆಜ್ಜೆ ಹಿಂದೆ ಬರುತ್ತಾರೆ. ಪಾದಗಳು ಹೆಗಲಿನಗಲ, ಹೆಬ್ಬೆರಳು ತುಸು ಹೊರಮುಖ. ಆಮೇಲೆ ಹೊಟ್ಟೆ ತುಂಬ ಉಸಿರೆಳೆದು ದಮ್ಮು ಕಟ್ಟುತ್ತಾರೆ. ಮೂಟೆ ಹೊರುವ ಹಮಾಲಿಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಒಳಗೆ ಕಟ್ಟಿದ ಉಸಿರು ಹೊಟ್ಟೆಯ ಸುತ್ತಲಿನ ಸ್ನಾಯುಗಳಿಗೆ ಆನಿಕೊಂಡು ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿಯುತ್ತದೆ. ನಂತರ ಪೃಷ್ಠ ಹಿಂದಕ್ಕೂ ಕೆಳಕ್ಕೂ, ಮಂಡಿಗಳು ಹೆಬ್ಬೆರಳಿನ ದಿಕ್ಕಿಗೆ ಹೊರಕ್ಕೂ ಸರಿಯುತ್ತವೆ. ತೊಡೆಸಂದಿನ ಮಡಿಕೆ ಮಂಡಿಯ ಮೇಲಂಚಿಗಿಂತ ಒಂದು ಕೂದಲಷ್ಟು ಕೆಳಗಿಳಿದಾಗ ತಿರುಗಿ ಏಳುತ್ತಾರೆ. ಇಡೀ ಹೊತ್ತು ರಾಡ್ ಪಾದದ ನಡುಭಾಗದ ನೇರಕ್ಕೇ ಇಳಿದು ಏರಬೇಕು. ಅದು ಬೆರಳಿನ ಕಡೆಗೆ ವಾಲಿತೋ, ಹಿಮ್ಮಡಿ ಮೇಲೆದ್ದಿತೋ, ಭಾರ ಹೆಚ್ಚಾಗಿದೆ ಅಥವಾ ಪಾದದ ಗಂಟು ಬಿಗಿಯಾಗಿದೆ ಎಂದರ್ಥ.

ಅಷ್ಟು ಕೆಳಗೆ ಕೂರಲು ಆಗುತ್ತದೆಯೇ ಎಂದು ಅನುಮಾನವಿದ್ದರೆ ಮನೆಯಲ್ಲೇ ಬರಿಗೈಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿ, ಹಿಮ್ಮಡಿ ನೆಲಕ್ಕೆ ಊರಿರಲಿ. ನಿಮ್ಮ ತಂದೆ ತಾಯಿ ಹಾಗೆ ಕೂತು ಗಂಟೆಗಟ್ಟಲೆ ಕೆಲಸ ಮಾಡಿರಬಹುದು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕಳೆದ ನಿಮಗೆ ಮೊದಲ ವಾರ ಹಿಂದಕ್ಕೆ ಬೀಳುವಂತಾಗಬಹುದು. ಬಾಗಿಲ ಚೌಕಟ್ಟು ಹಿಡಿದು ದಿನಕ್ಕೆರಡು ನಿಮಿಷ ಹಾಗೆ ಕೂತರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಒಗ್ಗುತ್ತದೆ.

ಡೆಡ್‌ಲಿಫ್ಟ್ ನೋಡಲು ಇನ್ನೂ ಸರಳ, ಕೆಡಿಸಿಕೊಳ್ಳಲೂ ಅಷ್ಟೇ ಸುಲಭ. ರಾಡ್ ಶೂ ಲೇಸಿನ ಗಂಟಿನ ಮೇಲೆ, ಕೆಳಗಾಲಿನ ಮುಂಭಾಗದಿಂದ ಒಂದಂಗುಲ ದೂರದಲ್ಲಿರಲಿ. ಬಗ್ಗಿ ಹಿಡಿದು, ಕೆಳಗಾಲು ರಾಡಿಗೆ ತಾಗುವವರೆಗೆ ಮಂಡಿ ಮಡಿಸಿ, ಎದೆ ಸೆಟೆಸಿ ಬೆನ್ನು ಚಪ್ಪಟೆ ಮಾಡಿ. ಒಮ್ಮೆಲೇ ಜಗ್ಗಬೇಡಿ. ಮೊದಲು ಮೆಲ್ಲನೆ ಎಳೆದರೆ ರಾಡ್ ಪ್ಲೇಟಿನ ತೂತಿನ ಮೇಲಂಚಿಗೆ ತಾಗಿ ‘ಟಕ್’ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಕಾಲಿನಿಂದ ನೆಲವನ್ನು ಒತ್ತಿ ಎದ್ದುನಿಲ್ಲಿ. ರಾಡ್ ಕಾಲನ್ನು ಸವರಿಕೊಂಡೇ ಬರಬೇಕು. ಚರ್ಮ ತರಚೀತು, ಉದ್ದ ಕಾಲುಚೀಲ ಹಾಕಿಕೊಳ್ಳಿ. ನಮ್ಮ ಸಣ್ಣ ಜಿಮ್‌ಗಳಲ್ಲಿ ಒಂದು ಅಡಚಣೆ ಇದೆ, ಅದನ್ನು ಬಹಳ ಟ್ರೈನರುಗಳು ಗಮನಿಸುವುದೇ ಇಲ್ಲ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಆದ್ದರಿಂದ ರಾಡ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಎತ್ತರದಲ್ಲಿರುತ್ತದೆ. ಐದು, ಹತ್ತು ಕೆ.ಜಿ.ಯ ಕಬ್ಬಿಣದ ಪ್ಲೇಟುಗಳು ಅದಕ್ಕಿಂತ ಚಿಕ್ಕವು. ಅವನ್ನು ಹಾಕಿದಾಗ ರಾಡ್ ಪಾದದ ಬಳಿಗೆ ಇಳಿದುಬಿಡುತ್ತದೆ, ಅದನ್ನು ಹಿಡಿಯಲು ಹೋಗಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಕೊನೆಗೆ ಡೆಡ್‌ಲಿಫ್ಟ್ ಮಾಡಿ ಸೊಂಟ ಹಿಡಿಯಿತು ಎಂಬ ಕೆಟ್ಟ ಹೆಸರು. ಎರಡೂ ಬದಿಯ ಪ್ಲೇಟಿನಡಿ ಮರದ ಹಲಗೆಯನ್ನೋ ಮಲಗಿಸಿಟ್ಟ ಬೇರೆ ಪ್ಲೇಟುಗಳನ್ನೋ ಕೊಟ್ಟು ಎತ್ತರ ಸರಿಮಾಡಿಕೊಳ್ಳಿ.

ಇನ್ನೊಂದು ಮಾತು: ಎಲ್ಲ ರಾಡೂ 20 ಕೆ.ಜಿ. ಇರುವುದಿಲ್ಲ. ಐದಾರು ಅಡಿಯ ಸಾಮಾನ್ಯ ರಾಡುಗಳು ಎಂಟು, ಹತ್ತು ಕೆ.ಜಿ.ಯೂ ಇರಬಹುದು. ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ನಿಲ್ಲಿ, ಆಮೇಲೆ ರಾಡ್ ಹಿಡಿದು ನಿಲ್ಲಿ, ಕಳೆದು ಬರೆದಿಟ್ಟುಕೊಳ್ಳಿ. ಲೆಕ್ಕದ ವಿದ್ಯೆಯಲ್ಲಿ ಮೊದಲ ಅಂಕಿಯೇ ತಪ್ಪಬಾರದು. ಕಂಬಿಯ ಮೇಲೆ ಜಾರುವ ಸ್ಮಿತ್ ಮೆಷಿನ್ ತೋರಿಸಿ ಇದೂ ಅದೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ಅಲ್ಲಿ ಸಮತೋಲ ಕಾಯುವ ಕೆಲಸವನ್ನು ಕಂಬಿ ಮಾಡುತ್ತದೆ.

ಬೆಂಚ್ ಪ್ರೆಸ್ ಬಗ್ಗೆ ಎರಡೇ ಎಚ್ಚರಿಕೆ. ಹೆಬ್ಬೆರಳು ರಾಡನ್ನು ಸುತ್ತಿಕೊಂಡಿರಲಿ, ಬರಿದೇ ಅಂಗೈ ಮೇಲೆ ಇಟ್ಟುಕೊಂಡರೆ ಅದು ಎದೆಯ ಮೇಲೆ ಜಾರಿ ಬೀಳಬಹುದು. ಸಪೋರ್ಟ್‌ಗೆ ಯಾರೂ ಇಲ್ಲದಾಗ, ಅಡ್ಡಗಂಬಿಗಳಿರುವ ರ್‍ಯಾಕ್ ಕೂಡ ಇಲ್ಲದಾಗ ರಾಡಿನ ತುದಿಗೆ ಕ್ಲಿಪ್ ಹಾಕಬೇಡಿ. ಮೇಲೆತ್ತಲಾಗದೆ ಸಿಕ್ಕಿಬಿದ್ದರೆ ಒಂದು ಬದಿಗೆ ವಾಲಿಸಿ ಪ್ಲೇಟ್ ಕೆಡವಬಹುದು. ಸದ್ದಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ಜೀವ ಉಳಿಯುತ್ತದೆ.

ಇನ್ನು ಮಂಡಿ, ಸೊಂಟದ ಭಯ. ಹೀಗೆ ಅಳೆದು ಭಾರ ಏರಿಸುವ ಕ್ರಮ ವೈದ್ಯಶಾಸ್ತ್ರಕ್ಕೆ ಬಂದದ್ದೇ ಪೆಟ್ಟಾದ ಮಂಡಿಗಳ ಮೂಲಕ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಕಾಲಿಗೆ ಗಾಯವಾದ ಸೈನಿಕರು ತುಂಬಿಹೋಗಿದ್ದರು. ಹಗುರ ವ್ಯಾಯಾಮವನ್ನು ಹೆಚ್ಚು ಸಲ ಮಾಡಿಸುವುದು ಆಗಿನ ರೂಢಿ, ಚೇತರಿಕೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯ ಹುಡುಗನಾಗಿದ್ದಾಗ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಬಾರ್‌ಬೆಲ್ ಎತ್ತಿಯೇ ಮೈ ಕಟ್ಟಿಕೊಂಡಿದ್ದವರು. ಅದನ್ನೇ ರೋಗಿಗಳಿಗೂ ಹಚ್ಚಿದರು: ಕಡಿಮೆ ಸಲ, ಹೆಚ್ಚು ಭಾರ, ಮೈ ಸಹಿಸಿದಂತೆ ಏರಿಕೆ. ಸೊರಗಿದ್ದ ತೊಡೆಗಳು ತುಂಬಿಕೊಂಡವು, ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ಇಂದಿನ ಫಿಸಿಯೋಥೆರಪಿ ಕೋಣೆಗಳಲ್ಲಿ ಹಂತಹಂತವಾಗಿ ತೂಕ ಏರಿಸುವ ಪದ್ಧತಿ ಅವರ ದಾರಿಯಲ್ಲೇ ಬಂದದ್ದು.

ಮಂಡಿ ಹೆಬ್ಬೆರಳನ್ನು ದಾಟಲೇಬಾರದು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಬಲವಂತವಾಗಿ ಅದನ್ನು ತಡೆದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ ನಿಜ, ಆದರೆ ಅದು ಸೊಂಟಕ್ಕೆ ವರ್ಗವಾಗುತ್ತದೆ. ಉದ್ದ ತೊಡೆಯವರ ಮಂಡಿ ತುಸು ಮುಂದೆ ಹೋಗಿಯೇ ಹೋಗುತ್ತದೆ, ಹಿಮ್ಮಡಿ ಊರಿದ್ದರೆ ಚಿಂತೆಯಿಲ್ಲ. ಗಂಟೆಗಳ ಲೆಕ್ಕ ಹಿಡಿದರೆ ತೂಕ ಎತ್ತುವುದರಲ್ಲಿ ಆಗುವ ಗಾಯಗಳು ಫುಟ್‌ಬಾಲ್‌ನಂಥ ಆಟಗಳಿಗಿಂತ ಕಡಿಮೆಯೇ. ಅನಾಹುತವಾಗುವುದು ಬಹುಮಟ್ಟಿಗೆ ಅವಸರದಲ್ಲಿ, ಪಕ್ಕದ ಹುಡುಗ ನೂರು ಎತ್ತಿದ ಎಂದು ನಲವತ್ತರಿಂದ ಎಂಬತ್ತಕ್ಕೆ ಹಾರಿದಾಗ. ಮರುದಿನ, ಮೂರನೆಯ ದಿನ ತೊಡೆ ಹಿಡಿದುಕೊಂಡಂತಾಗುವುದು ಸಹಜ, ತಾನಾಗಿ ಹೋಗುತ್ತದೆ. ಕೀಲಿನೊಳಗೆ ಚುಚ್ಚಿದಂಥ ನೋವು, ಕಾಲಿಗೆ ಇಳಿಯುವ ಜೋಮು ಬಂದರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ. ದಮ್ಮು ಕಟ್ಟಿದಾಗ ರಕ್ತದೊತ್ತಡ ಕ್ಷಣಕಾಲ ಬಹಳ ಏರುತ್ತದೆ. ಆದ್ದರಿಂದ ಬಿ.ಪಿ. ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ, ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ರಾಡ್ ಮುಟ್ಟಬಾರದು. ನಿಮಗೂ 43 ಆಗಿದೆ, ಒಮ್ಮೆ ಬಿ.ಪಿ. ನೋಡಿಸಿಕೊಂಡೇ ಶುರು ಮಾಡಿ.

ಶುರು ಮಾಡುವುದು ಖಾಲಿ ರಾಡಿನಿಂದ. ನಾಚಿಕೆ ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು; ಬಿಡುವು ಸಾಲದೆನಿಸಿದರೆ ಎರಡೇ ದಿನ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸ್ನಾಯುಬಲದ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕೆಂದು ಹೇಳುವುದೂ ಇದನ್ನೇ. ಜಿಮ್‌ಗೆ ಹೋದ ಪ್ರತಿ ದಿನವೂ ಸ್ಕ್ವಾಟ್ ಐದರ ಮೂರು ಸೆಟ್. ಒಂದು ದಿನ ಬೆಂಚ್, ಮರುಸರದಿಗೆ ಪ್ರೆಸ್, ಅವೂ ಐದರ ಮೂರು. ಕೊನೆಗೆ ಡೆಡ್‌ಲಿಫ್ಟ್ ಐದರ ಒಂದೇ ಸೆಟ್, ಅದು ಮೈಯನ್ನು ಹೆಚ್ಚು ಹಣಿಯುವುದರಿಂದ ಅಷ್ಟು ಸಾಕು. ಅಂದಿನ ತೂಕ 60 ಆಗಿದ್ದರೆ ನೇರವಾಗಿ ಅದಕ್ಕೆ ಕೈಹಾಕಬೇಡಿ: ಖಾಲಿ ರಾಡಿನಲ್ಲಿ ಐದರ ಎರಡು ಸೆಟ್, 40ರಲ್ಲಿ ಐದು, 50ರಲ್ಲಿ ಮೂರು, ಆಮೇಲೆ 60. ಹದಿನೈದೂ ಸರಿಯಾಗಿ ಬಂದರೆ ಮುಂದಿನ ಸಲ ಎರಡೂವರೆ ಕೆ.ಜಿ. ಹೆಚ್ಚು. ವಾರಕ್ಕೆ ಮೂರು ದಿನದಂತೆ ನಾಲ್ಕು ವಾರ ನಡೆದರೆ 30 ಕೆ.ಜಿ. ಏರಿಕೆ! ಇದು ಹೊಸಬರಿಗೆ ಮಾತ್ರ ಸಿಗುವ ಭಾಗ್ಯ. ಕೆಲವು ತಿಂಗಳಲ್ಲಿ ಏರಿಕೆ ನಿಧಾನವಾಗುತ್ತದೆ, ಮೊದಲು ಪ್ರೆಸ್‌ನಲ್ಲಿ, ಕೊನೆಗೆ ಡೆಡ್‌ಲಿಫ್ಟ್‌ನಲ್ಲಿ. ಒಂದೇ ತೂಕದಲ್ಲಿ ಮೂರು ಸಲ ಸೋತರೆ ಶೇ 10ರಷ್ಟು ಇಳಿಸಿ ಮತ್ತೆ ಏರಿ.

ಸೊಂಟಕ್ಕೆ ಬಿಗಿಯುವ ಬೆಲ್ಟ್ ಈಗಲೇ ಬೇಡ. ಶೂ ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ: ಓಟದ ಶೂಗಳ ಮೆತ್ತನೆಯ ಅಟ್ಟೆ ಭಾರದಡಿ ಒಂದೊಂದು ಕಡೆಗೆ ಒತ್ತಿಕೊಂಡು ಪಾದ ಅಲುಗಾಡಿಸುತ್ತದೆ. ಮಕ್ಕಳು ಶಾಲೆಯ ಕವಾಯತಿಗೆ ಹಾಕುವ ಚಪ್ಪಟೆ ಕ್ಯಾನ್‌ವಾಸ್ ಶೂ ಇದಕ್ಕಿಂತ ಎಷ್ಟೋ ಮೇಲು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ಅರ್ಧ ಉತ್ತರವಾಗುತ್ತದೆ. ಬಲದ ವ್ಯಾಯಾಮ ಮಾಡುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಉಪಯುಕ್ತ. ನೀವು 70 ಕೆ.ಜಿ. ಇದ್ದರೆ 110 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಏಳು ಗ್ರಾಂ. ಮುದ್ದೆ ತಿಂದರೆ ಬಲ ಎಂಬ ಮಾತಿನಲ್ಲಿ ಅರ್ಧ ಶ್ರೇಯ ಜೊತೆಗಿನ ಹುರುಳಿ ಸಾರಿಗೆ, ಬಸ್ಸಾರಿನ ಕಾಳಿಗೆ ಸಲ್ಲಬೇಕು. ತೊಗರಿ, ಹುರುಳಿ ನೂರು ಗ್ರಾಂಗೆ ಸುಮಾರು 22 ಗ್ರಾಂ, ಶೇಂಗಾ 25, ಸೋಯಾ ಚಂಕ್ಸ್ ಐವತ್ತರ ಆಸುಪಾಸು, ಮೊಟ್ಟೆ ಒಂದಕ್ಕೆ ಆರು, ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು. ತಟ್ಟೆಯಲ್ಲಿ ಅನ್ನದ ಗುಡ್ಡೆ ತಗ್ಗಿ ಕಾಳಿನ ಪಲ್ಯ ಏರಬೇಕು. ಮೂತ್ರಪಿಂಡದ ತೊಂದರೆ ಇರುವವರು ಇದನ್ನೂ ವೈದ್ಯರನ್ನು ಕೇಳಿಯೇ ಮಾಡಲಿ. ಪ್ರೋಟೀನ್ ಪುಡಿಯ ಡಬ್ಬಿ ಅನುಕೂಲಕ್ಕಷ್ಟೇ, ಕಡ್ಡಾಯವಲ್ಲ. ಯಾರಾದರೂ ಮೈ ಬೆಳೆಸುವ ಇಂಜೆಕ್ಷನ್ ಮಾತೆತ್ತಿದರೆ ಆ ಜಿಮ್ಮನ್ನೇ ಬಿಡಿ.

ಕೊನೆಯದಾಗಿ ನಿಮ್ಮ ಪತ್ನಿಯವರ ಅಳುಕು. ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಂಗಸರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಗಂಡಸರಿಗೇ ವರ್ಷಗಟ್ಟಲೆ ಬೆವರು ಹರಿಸಿದರೂ ಬಾರದ ಗಾತ್ರ ವಾರಕ್ಕೆ ಮೂರು ದಿನ ಸ್ಕ್ವಾಟ್ ಮಾಡಿದ ಹೆಣ್ಣುಮಗಳಿಗೆ ತಿಳಿಯದೆ ಬಂದುಬಿಡುವುದಿಲ್ಲ. ಅವರು ಯೋಚಿಸಬೇಕಾದದ್ದು ಮೂಳೆಯ ಬಗ್ಗೆ. ನಮ್ಮ ದೇಶದ ಮಹಿಳೆಯರಿಗೆ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ, ಆಮೇಲಿನ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆಸಾಂದ್ರತೆ ತಗ್ಗಿದ ನೂರೊಂದು ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಜ್ಞರ ಕಣ್ಗಾವಲಿನಲ್ಲಿ ವಾರಕ್ಕೆರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು ಇದೇ ಡೆಡ್‌ಲಿಫ್ಟ್, ಸ್ಕ್ವಾಟ್, ಪ್ರೆಸ್ ಮಾಡಿಸಿದರು. ಹಗುರ ತೂಕದಲ್ಲಲ್ಲ, ಐದರ ಐದು ಸೆಟ್, ಅವರಿಗೆ ಭಾರವೆನಿಸುವ ತೂಕದಲ್ಲೇ. ಜೊತೆಗೆ ಜಿಗಿದು ಇಳಿಯುವ ಒಂದು ವ್ಯಾಯಾಮವೂ ಇತ್ತು. ಆ ಗುಂಪಿನವರ ಬೆನ್ನುಮೂಳೆಯ ಸಾಂದ್ರತೆ ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು.

ಹೆಂಗಸರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದದ್ದು 2000ದ ಸಿಡ್ನಿಯಲ್ಲಿ. ಅಲ್ಲೇ ಕರ್ಣಂ ಮಲ್ಲೇಶ್ವರಿ 240 ಕೆ.ಜಿ. ಎತ್ತಿ ಕಂಚು ತಂದರು, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ನಿಮ್ಮ ಪತ್ನಿಯವರು ಅಲ್ಲಿಗೆ ಹೋಗಬೇಕಿಲ್ಲ. ಅವರಿಗೆ 15 ಕೆ.ಜಿ.ಯ ಮಹಿಳೆಯರ ರಾಡ್ ಬೇಕು. ಅದರ ಹಿಡಿ 25 ಮಿ.ಮೀ. ದಪ್ಪ, ಗಂಡಸರದಕ್ಕಿಂತ ಮೂರು ಮಿ.ಮೀ. ತೆಳು, ಸಣ್ಣ ಅಂಗೈಗೆ ಒಗ್ಗುತ್ತದೆ. ಪ್ರೆಸ್‌ಗೆ ಅದೂ ಭಾರವೆನಿಸಿದರೆ ಮೊದಲ ತಿಂಗಳು ಹತ್ತು ಕೆ.ಜಿ.ಯ ಸಾದಾ ರಾಡ್ ಸಾಕು. ಅವರಿಗೆ ಒಂದೇಟಿಗೆ ಎರಡೂವರೆ ಕೆ.ಜಿ. ಏರಿಕೆ ದೊಡ್ಡದಾದೀತು, ಅದರಲ್ಲೂ ಪ್ರೆಸ್‌ನಲ್ಲಿ. ಅರ್ಧ ಕೆ.ಜಿ.ಯ ಪ್ಲೇಟುಗಳ ಒಂದು ಜೋಡಿ ಕೊಂಡು ಚೀಲದಲ್ಲಿಟ್ಟುಕೊಳ್ಳಲಿ, ಜಿಮ್‌ಗಳಲ್ಲಿ ಅವು ಸಿಗುವುದು ಅಪರೂಪ. ಪುಸ್ತಕ ಇಬ್ಬರಿಗೂ ಬೇರೆ ಬೇರೆ ಇರಲಿ.